ಖಾಲಿ ಕಾಣುವ 30 ಕ್ರೆಡಿಟ್‌ಗಳು: ಅಸೋಸಿಯೇಟ್ ಪದವಿಗೆ ಐಚ್ಛಿಕ ವಿಷಯಗಳನ್ನು ಹೊಂದಿಸುವ ಬಗೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಸ್ನೇಹಿತರೊಬ್ಬರು ಗುಬ್ಬಿಯಿಂದ ತಮ್ಮ ಮಗಳನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಹುಡುಗಿ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೂ ಮನಸ್ಸೆಲ್ಲ ವ್ಯವಹಾರದ ಕಡೆಗೆ. ಮನೆಯಲ್ಲಿ ಅಡಿಕೆ ವ್ಯಾಪಾರವಿದೆ. ಅದನ್ನು ಮುಂದೊಂದು ದಿನ ತಾನೇ ನಡೆಸಬೇಕೆಂಬ ಆಸೆ ಅವಳದು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜೊಂದಕ್ಕೆ ಹೊರಟಿದ್ದಾಳೆ. ಎರಡು ವರ್ಷ ಅಲ್ಲಿ ಓದಿ ಅಸೋಸಿಯೇಟ್ ಪದವಿ ಪಡೆದು, ನಂತರ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರುವ ದಾರಿ ಅದು. ಮೊದಲ ಎರಡು ವರ್ಷದ ಖರ್ಚು ಗಣನೀಯವಾಗಿ ಇಳಿಯುತ್ತದೆ ಎಂಬ ಕಾರಣಕ್ಕೆ ನಮ್ಮ ಕಡೆಯ ಕೆಲವು ಕುಟುಂಬಗಳು ಈಗ ಈ ದಾರಿ ಹಿಡಿಯುತ್ತಿವೆ. ನಾನು ಹೋದದ್ದೂ ಹಾಗೆಯೇ.

ಕಾಫಿ ಕುಡಿಯುತ್ತಾ ಅವಳು ಕೇಳಿದಳು: "ಅಕ್ಕ, ಕಡ್ಡಾಯ ವಿಷಯಗಳನ್ನೆಲ್ಲ ಬರೆದುಕೊಂಡಿದ್ದೇನೆ. ಉಳಿದ ಮೂವತ್ತು ಕ್ರೆಡಿಟ್ ಐಚ್ಛಿಕವಂತೆ. ಅವನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರೆ ಆಗುವುದಿಲ್ಲವೇ?"

ಆಗುವುದಿಲ್ಲ. ಎಂಟು ವರ್ಷದ ಹಿಂದೆ ನಾನೂ ಹಾಗೆಂದುಕೊಂಡೇ ವಿಮಾನ ಹತ್ತಿದೆ. ಅದರ ಬೆಲೆಯಾಗಿ ಒಂದು ಇಡೀ ಕ್ವಾರ್ಟರ್, ಅಂದರೆ ವರ್ಷದ ನಾಲ್ಕು ಓದಿನ ಅವಧಿಗಳಲ್ಲಿ ಒಂದು, ಹೆಚ್ಚು ಓದಬೇಕಾಯಿತು. ಅದರ ಶುಲ್ಕವನ್ನು ಅಪ್ಪ ಆ ವರ್ಷದ ಕೊಯ್ಲಿನ ಹಣದಿಂದ ಕಟ್ಟಿದರು. ಆ ಹುಡುಗಿಗೆ ಮೂರು ಗಂಟೆ ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ವಾಷಿಂಗ್ಟನ್ ರಾಜ್ಯದ ಪದ್ಧತಿ. ಬೇರೆ ರಾಜ್ಯಗಳ ನಿಯಮ ಬೇರೆ, ಆದರೆ ಯೋಚಿಸುವ ಕ್ರಮ ಎಲ್ಲ ಕಡೆಗೂ ಸಲ್ಲುತ್ತದೆ.

ನಮ್ಮ ಮಕ್ಕಳು ಇಲ್ಲಿ ಎಡವುವುದಕ್ಕೆ ಒಂದು ಕಾರಣವಿದೆ. ಪಿಯುಸಿಯಲ್ಲಿ ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ ಎಂದು ನಾಲ್ಕಕ್ಷರದ ಗುಂಪೊಂದನ್ನು ಆರಿಸಿದರೆ ಮುಗಿಯಿತು. ಯಾವ ವಿಷಯ ಯಾವಾಗ, ಯಾವುದರ ನಂತರ ಯಾವುದು ಎಂಬುದನ್ನೆಲ್ಲ ವೇಳಾಪಟ್ಟಿಯೇ ಹೇಳುತ್ತದೆ. ಅಲ್ಲಿ ವೇಳಾಪಟ್ಟಿ ಕಟ್ಟಬೇಕಾದವರು ನೀವೇ. ಯಾರೂ ನಿಮ್ಮನ್ನು ತಡೆಯುವುದಿಲ್ಲ. ತಪ್ಪು ವಿಷಯಕ್ಕೆ ನೋಂದಾಯಿಸಿದರೂ ಕಾಲೇಜು ಶುಲ್ಕ ಪಡೆದು ತರಗತಿಗೆ ಕೂರಿಸುತ್ತದೆ.

ಮೊದಲು ಚೌಕಟ್ಟು. ವಾಷಿಂಗ್ಟನ್‌ನ ಸಮುದಾಯ ಕಾಲೇಜುಗಳಲ್ಲಿ ವರ್ಷವನ್ನು ಸೆಮಿಸ್ಟರ್‌ಗಳಾಗಿ ಅಲ್ಲ, ಕ್ವಾರ್ಟರ್‌ಗಳಾಗಿ ಹಂಚುತ್ತಾರೆ: ಶರತ್ಕಾಲ, ಚಳಿಗಾಲ, ವಸಂತ, ಬೇಸಿಗೆ. ಕ್ರೆಡಿಟ್ ಎಂದರೆ ವಿಷಯವೊಂದರ ಓದಿನ ತೂಕ ಅಳೆಯುವ ಅಂಕೆ. ಸಾಮಾನ್ಯವಾಗಿ ಒಂದು ವಿಷಯಕ್ಕೆ 5 ಕ್ರೆಡಿಟ್; ಕ್ವಾರ್ಟರ್‌ಗೆ ಮೂರು ವಿಷಯ, ಅಂದರೆ 15 ಕ್ರೆಡಿಟ್. ಹೀಗೆ ಆರು ಕ್ವಾರ್ಟರ್ ಓದಿದರೆ 90 ಕ್ರೆಡಿಟ್. ಸೆಮಿಸ್ಟರ್ ಲೆಕ್ಕದಲ್ಲಿ ಇದು 60ಕ್ಕೆ ಸಮ. ಸೆಮಿಸ್ಟರ್ ಪದ್ಧತಿ ಇರುವ ವಿಶ್ವವಿದ್ಯಾಲಯಕ್ಕೆ ಹೋಗುವವರು ಒಂದೂವರೆಯಿಂದ ಭಾಗಿಸಿ ನೋಡಿಕೊಳ್ಳಬೇಕು. ವರ್ಗಾವಣೆಗೆಂದೇ ರೂಪಿಸಿದ ಪದವಿಗೆ ಡೈರೆಕ್ಟ್ ಟ್ರಾನ್ಸ್‌ಫರ್ ಅಗ್ರಿಮೆಂಟ್, ಚಿಕ್ಕದಾಗಿ ಡಿಟಿಎ, ಎನ್ನುತ್ತಾರೆ. ಅದರೊಳಗೆ ಬರವಣಿಗೆ ಮತ್ತು ಸಂವಹನಕ್ಕೆ 10, ಗಣಿತಕ್ಕೆ 5, ಮಾನವಿಕ ವಿಷಯಗಳಿಗೆ 15, ಸಮಾಜವಿಜ್ಞಾನಕ್ಕೆ 15, ಪ್ರಯೋಗಾಲಯ ಸಹಿತವಾಗಿ ನಿಸರ್ಗವಿಜ್ಞಾನಕ್ಕೆ 15. ಒಟ್ಟು 60. ಕೆಲವು ಕಾಲೇಜುಗಳು ಕೊನೆಯ ಮೂರು ವಿಭಾಗಗಳಲ್ಲಿ ತುಸು ಹೆಚ್ಚು ಕೇಳುವುದೂ ಉಂಟು. ಉಳಿದ 30 ಐಚ್ಛಿಕ.

ಆ 30 ನಿಜವಾಗಿ ಖಾಲಿ ಜಾಗವಲ್ಲ. ಡಿಟಿಎ ಕೈಯಲ್ಲಿದ್ದರೆ ವಿಶ್ವವಿದ್ಯಾಲಯವು ನಿಮ್ಮ ಸಾಮಾನ್ಯ ಶಿಕ್ಷಣ ಮುಗಿದಿದೆ ಎಂದು ಒಪ್ಪಿ ಮೂರನೆಯ ವರ್ಷದ ವಿದ್ಯಾರ್ಥಿಯೆಂದು ಪರಿಗಣಿಸುತ್ತದೆ. ಆದರೆ ನೀವು ಬಯಸಿದ ವಿಭಾಗದಲ್ಲಿ ಸೀಟು ಕೊಡುತ್ತೇನೆ ಎಂದು ಅದು ಎಲ್ಲಿಯೂ ಮಾತು ಕೊಟ್ಟಿಲ್ಲ. ವ್ಯವಹಾರ ಆಡಳಿತ, ಕಂಪ್ಯೂಟರ್ ವಿಜ್ಞಾನ, ನರ್ಸಿಂಗ್‌ನಂತಹ ವಿಭಾಗಗಳು ಪ್ರವೇಶಕ್ಕೆ ಮೊದಲೇ ಕೆಲವು ವಿಷಯಗಳನ್ನು ಓದಿ ಬಂದಿರಬೇಕೆಂದು ಕೇಳುತ್ತವೆ. ಆ ಪೂರ್ವಾಪೇಕ್ಷಿತ ವಿಷಯಗಳಲ್ಲಿ ಬಹುಪಾಲು ಮೇಲಿನ 60ರೊಳಗೆ ಹಿಡಿಯುವುದಿಲ್ಲ. ಅವು ಕೂರಬೇಕಾದದ್ದು ಈ 30ರಲ್ಲಿಯೇ.

ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಸಮುದಾಯ ಕಾಲೇಜಿನ ವಿಷಯಪಟ್ಟಿಯನ್ನು ಪಕ್ಕಕ್ಕಿಡಿ. ಮುಂದೆ ಸೇರಬೇಕೆಂದಿರುವ ಎರಡು ಅಥವಾ ಮೂರು ವಿಶ್ವವಿದ್ಯಾಲಯಗಳನ್ನು ಗುರುತಿಸಿ. ಒಂದೇ ಒಂದನ್ನು ನೆಚ್ಚಿಕೊಳ್ಳಬೇಡಿ. ಪ್ರತಿಯೊಂದರಲ್ಲಿಯೂ ನಿಮ್ಮ ವಿಭಾಗದ ಪುಟ ತೆರೆದು, ವರ್ಗಾವಣೆ ವಿದ್ಯಾರ್ಥಿಗಳಿಂದ ಏನು ಕೇಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಎಲ್ಲರೂ ಕೇಳುವ ವಿಷಯದ ಕೆಳಗೆ ಗೆರೆ ಎಳೆಯಿರಿ. ಅಪ್ಪ ಅಡಿಕೆ ತೋಟ ಕಟ್ಟುವಾಗ ಮೊದಲು ಹಗ್ಗ ಎಳೆಸಿ, ಒಂಬತ್ತು ಅಡಿಗೊಂದರಂತೆ ಗೂಟ ಹೊಡೆಸಿ, ಆಮೇಲೆಯೇ ಗುಂಡಿ ತೆಗೆಸುತ್ತಾರೆ. ಬಾಳೆ, ಮೆಣಸು, ಏಲಕ್ಕಿಯ ಮಾತು ಅದರ ನಂತರ. ಗೆರೆ ಎಳೆದ ವಿಷಯಗಳೇ ನಿಮ್ಮ ಗೂಟಗಳು.

ಎಂಜಿನಿಯರಿಂಗ್, ಭೌತವಿಜ್ಞಾನ, ರಸಾಯನವಿಜ್ಞಾನದ ಕಡೆ ಹೋಗುವವರು ಇಲ್ಲಿಯೇ ಒಂದು ಕ್ಷಣ ನಿಲ್ಲಬೇಕು. ನಿಮಗೆ ಡಿಟಿಎ ಸರಿಹೊಂದದೇ ಇರಬಹುದು. ಅದಕ್ಕೆಂದು ಅಸೋಸಿಯೇಟ್ ಆಫ್ ಸೈನ್ಸ್-ಟ್ರಾನ್ಸ್‌ಫರ್, ಚಿಕ್ಕದಾಗಿ ಎಎಸ್-ಟಿ, ಎಂಬ ಬೇರೆಯೇ ಪದವಿ ಇದೆ. ಅದರಲ್ಲಿ ಮಾನವಿಕ ಮತ್ತು ಸಮಾಜವಿಜ್ಞಾನ ಎರಡೂ ಸೇರಿ 15 ಕ್ರೆಡಿಟ್ ಮಾತ್ರ. ಉಳಿದ ಸಾಮಾನ್ಯ ಶಿಕ್ಷಣವನ್ನು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಮುಗಿಸುತ್ತೀರಿ. ಕ್ಯಾಲ್ಕುಲಸ್‌ನ ಸರಣಿ, ಭೌತವಿಜ್ಞಾನದ ಮೂರು ಕ್ವಾರ್ಟರ್‌ಗಳ ಸರಣಿ ಎರಡನ್ನೂ ಎರಡು ವರ್ಷದೊಳಗೆ ಮುಗಿಸಲು ಜಾಗ ಬೇಕಲ್ಲವೇ, ಅದಕ್ಕೇ ಈ ಏರ್ಪಾಡು.

ಗುಬ್ಬಿಯ ಹುಡುಗಿಯದು ವ್ಯವಹಾರ ಆಡಳಿತ. ಅವಳ ಹಾಳೆಯಲ್ಲಿ ಉಳಿದ ಗೂಟಗಳು ಇವು: ಅಕೌಂಟಿಂಗ್ 201, 202, 203, ಎಕನಾಮಿಕ್ಸ್ 201 ಮತ್ತು 202, ಅಂದರೆ ಸೂಕ್ಷ್ಮ ಹಾಗೂ ಸಮಗ್ರ ಅರ್ಥಶಾಸ್ತ್ರ, ವ್ಯವಹಾರ ಕಾನೂನು, ಬಿಸಿನೆಸ್ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ. ಅರ್ಥಶಾಸ್ತ್ರದ ಎರಡೂ ಸಮಾಜವಿಜ್ಞಾನದ ಖಾತೆಗೆ ಹೋದವು. ಕ್ಯಾಲ್ಕುಲಸ್ ಗಣಿತದ 5ನ್ನು ತುಂಬಿತು. ಅಕೌಂಟಿಂಗ್‌ನ 15, ಕಾನೂನಿನ 5, ಸಂಖ್ಯಾಶಾಸ್ತ್ರದ 5 ಸೇರಿ 25 ಕ್ರೆಡಿಟ್‌ಗಳು ಐಚ್ಛಿಕದ ಖಾತೆಗೆ ಬಂದು ಕುಳಿತವು. "ಮೂವತ್ತರಲ್ಲಿ ಉಳಿದದ್ದು ಐದೇ!" ಎಂದಳು. ಆ ಐದಾದರೂ ಉಳಿಯುತ್ತದೆಯೇ ಎಂಬುದು ಗಣಿತದ ಪರೀಕ್ಷೆಯ ಮೇಲೆ ನಿಂತಿತ್ತು.

ಏಕೆಂದರೆ, ಕಾಲೇಜು ಸೇರುವಾಗ ಗಣಿತದಲ್ಲಿ ನಿಮ್ಮನ್ನು ಯಾವ ಹಂತದಲ್ಲಿ ಕೂರಿಸಬೇಕೆಂದು ಅಳೆಯುತ್ತಾರೆ. ನೇರವಾಗಿ ಕ್ಯಾಲ್ಕುಲಸ್‌ಗೆ ಅರ್ಹತೆ ಸಿಗದಿದ್ದರೆ ಅದರ ಹಿಂದಿನ ಮ್ಯಾಥ್ 141 ಓದಬೇಕು. ಅದು ಇನ್ನೊಂದು 5 ಕ್ರೆಡಿಟ್. ಅದೂ ಐಚ್ಛಿಕದ ಜಾಗವನ್ನೇ ತಿನ್ನುತ್ತದೆ. ನಮ್ಮ ಮಕ್ಕಳು ಪಿಯುಸಿಯಲ್ಲಿ ಅವಕಲನ, ಅನುಕಲನ ಎಲ್ಲ ಮಾಡಿಯೇ ಹೋಗುತ್ತಾರೆ. ಆದರೆ ಪರೀಕ್ಷೆ ಮುಗಿದು, ವೀಸಾ ಓಡಾಟದಲ್ಲಿ ನಾಲ್ಕು ತಿಂಗಳು ಪುಸ್ತಕ ಮುಟ್ಟದೆ, ಆ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಹೊರಡುವ ಮೊದಲು ಮೂರು ವಾರ ದಿನಕ್ಕೆ ಒಂದು ಗಂಟೆ ಬೀಜಗಣಿತ, ಲಾಗರಿದಮ್, ತ್ರಿಕೋನಮಿತಿ ಅಭ್ಯಾಸ ಮಾಡಿ. ಇಡೀ ಎರಡು ವರ್ಷದಲ್ಲಿ ಮನಸ್ಸಿಗೆ ಬಂದದ್ದನ್ನು ಓದಲು ಸಿಗುವ ಒಂದೇ ಒಂದು ಜಾಗವನ್ನು ನೀವು ಗಳಿಸಿಕೊಳ್ಳುವುದು ಅಲ್ಲಿ.

ಗೂಟ ಗುರುತಾದ ಮೇಲೆ ಕಾಲದ ಲೆಕ್ಕ. ನಾನು ಸೋತದ್ದು ಇದರಲ್ಲಿ. ಅಕೌಂಟಿಂಗ್ ಮೂರು ಕ್ವಾರ್ಟರ್‌ಗಳ ಸರಣಿ; 201 ಮುಗಿಯದೆ 202 ಇಲ್ಲ, 202 ಮುಗಿಯದೆ 203 ಇಲ್ಲ. ಮೊದಲ ವರ್ಷ ನಾನು ಇಷ್ಟವಾದದ್ದನ್ನೆಲ್ಲ ಓದಿ, ಎರಡನೆಯ ವರ್ಷದ ಚಳಿಗಾಲದಲ್ಲಿ 201 ಹಿಡಿದೆ. ವಸಂತಕ್ಕೆ 202. ಬೇಸಿಗೆಯಲ್ಲಿ ನನ್ನ ಕಾಲೇಜು 203 ಕಲಿಸುತ್ತಿರಲಿಲ್ಲ. ಶರತ್ಕಾಲದವರೆಗೆ ಕಾದು, ಆ ಒಂದು ವಿಷಯಕ್ಕಾಗಿ ಇನ್ನೊಂದು ಕ್ವಾರ್ಟರ್ ಬಾಡಿಗೆ ಕೊಟ್ಟು ಉಳಿದೆ. ಇನ್ನೂ ಒಂದು ಸಂಗತಿ ಇದೆ: ಶರತ್ಕಾಲದಲ್ಲಿ ವಿಶ್ವವಿದ್ಯಾಲಯ ಸೇರಬೇಕಾದರೆ ಅರ್ಜಿ ಹಾಕುವುದು ಅದಕ್ಕೂ ಹಲವು ತಿಂಗಳು ಮುಂಚೆ, ಸಾಮಾನ್ಯವಾಗಿ ಚಳಿಗಾಲದಲ್ಲಿ. ಆ ಹೊತ್ತಿಗೆ ನಿಮ್ಮ ಅಂಕಪಟ್ಟಿಯಲ್ಲಿ ಕಾಣುವುದು ನಾಲ್ಕು ಕ್ವಾರ್ಟರ್‌ಗಳ ಓದು ಮಾತ್ರ. ಅರ್ಜಿ ನೋಡುವವರಿಗೆ ಕ್ಯಾಲ್ಕುಲಸ್, ಅರ್ಥಶಾಸ್ತ್ರ, ಅಕೌಂಟಿಂಗ್‌ನ ಅಂಕಗಳು ಅಷ್ಟರೊಳಗೆ ಕಾಣಬೇಕು. ಕಷ್ಟದ್ದನ್ನು ಕೊನೆಗೆ ಉಳಿಸಿಕೊಂಡವರ ಅರ್ಜಿಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಅವಳಿಗೆ ನಾವು ಬರೆದ ಹಂಚಿಕೆ ಹೀಗಿದೆ. ಮೊದಲ ಶರತ್ಕಾಲ: ಇಂಗ್ಲಿಷ್ 101, ಮ್ಯಾಥ್ 141, ಮನೋವಿಜ್ಞಾನ 100. ಚಳಿಗಾಲ: ಇಂಗ್ಲಿಷ್ 102, ಬಿಸಿನೆಸ್ ಕ್ಯಾಲ್ಕುಲಸ್, ಎಕನಾಮಿಕ್ಸ್ 201. ವಸಂತ: ಅಕೌಂಟಿಂಗ್ 201, ಎಕನಾಮಿಕ್ಸ್ 202, ಸಂಖ್ಯಾಶಾಸ್ತ್ರ. ಬೇಸಿಗೆ ಬಿಡುವು, ಊರಿಗೆ ಬರಬಹುದು. ಎರಡನೆಯ ವರ್ಷದ ಶರತ್ಕಾಲ: ಅಕೌಂಟಿಂಗ್ 202, ಪ್ರಯೋಗಾಲಯವಿರುವ ಭೂವಿಜ್ಞಾನ, ಒಂದು ಮಾನವಿಕ ವಿಷಯ. ಚಳಿಗಾಲ: ಅಕೌಂಟಿಂಗ್ 203, ವ್ಯವಹಾರ ಕಾನೂನು, ಇನ್ನೊಂದು ಮಾನವಿಕ. ಕೊನೆಯ ವಸಂತಕ್ಕೆ ಉಳಿದ ಎರಡು ವಿಜ್ಞಾನ ಮತ್ತು ಮೂರನೆಯ ಮಾನವಿಕ. ಹದಿನೆಂಟು ವಿಷಯ, 90 ಕ್ರೆಡಿಟ್, ಒಂದೂ ಹೆಚ್ಚಿಲ್ಲ. ಮ್ಯಾಥ್ 141ನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಸಿದೆ.

ಹೆಚ್ಚು ಓದಿದರೆ ನಷ್ಟವೇನು ಎಂದು ಅವಳ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾವ, ಅಲ್ಲಿ ಶುಲ್ಕ ಕ್ರೆಡಿಟ್ ಲೆಕ್ಕದಲ್ಲಿ ಬೀಳುತ್ತದೆ, ವಿದೇಶಿ ವಿದ್ಯಾರ್ಥಿಗೆ ರಾಜ್ಯದವರಿಗಿಂತ ಹೆಚ್ಚು ದರ, ಎಂದೆ. ಅದಲ್ಲದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಎರಡು ವರ್ಷದ ಕಾಲೇಜಿನಿಂದ ಬರುವವರಿಗೆ 90 ಕ್ರೆಡಿಟ್‌ಗಳವರೆಗೆ ಮಾತ್ರ ಪದವಿಯ ಎಣಿಕೆಗೆ ತೆಗೆದುಕೊಳ್ಳುತ್ತದೆ. ಮೇಲಿನದ್ದು ಜ್ಞಾನವಾಗಿ ನಿಮ್ಮಲ್ಲಿ ಉಳಿಯುತ್ತದೆ, ಪದವಿಯನ್ನು ಹತ್ತಿರ ತರುವುದಿಲ್ಲ.

ಇನ್ನು ವಿಭಾಗಗಳ ಒಳಗಿನ ಮಿತಿಗಳು. ಇವನ್ನು ಕಾಲೇಜಿನ ಕ್ಯಾಟಲಾಗ್‌ನಲ್ಲಿ, ಅಂದರೆ ವಿಷಯಗಳ ಮತ್ತು ನಿಯಮಗಳ ಕೈಪಿಡಿಯಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮಾನವಿಕ ವಿಭಾಗದಲ್ಲಿ ಚಿತ್ರಕಲೆ, ನಟನೆ, ವಾದ್ಯ, ಛಾಯಾಗ್ರಹಣದಂತಹ ಕೈಯಿಂದ ಮಾಡಿ ಕಲಿಯುವ ವಿಷಯಗಳಿಗೆ 5 ಕ್ರೆಡಿಟ್‌ಗಳ ಮಿತಿ. ನಾನು ಛಾಯಾಗ್ರಹಣವನ್ನೂ ಚಿತ್ರಕಲೆಯನ್ನೂ ತೆಗೆದುಕೊಂಡೆ. ಎರಡೂ ಮಾನವಿಕಕ್ಕೆ ಸಲ್ಲುತ್ತವೆ ಎಂದು ಪಟ್ಟಿಯಲ್ಲಿತ್ತು. ಆದರೆ ಒಬ್ಬಳಿಗೆ ಒಂದೇ ಎಂಬುದನ್ನು ಓದಿರಲಿಲ್ಲ. ಎರಡನೆಯದು ಐಚ್ಛಿಕಕ್ಕೆ ಜಾರಿತು, ಐಚ್ಛಿಕ ಆಗಲೇ ತುಂಬಿತ್ತು. ಮೊದಲ ವರ್ಷದ ವಿದೇಶಿ ಭಾಷೆಗೂ ಮಾನವಿಕದಲ್ಲಿ ಇಂತಹುದೇ 5ರ ಮಿತಿ. ಒಂದೇ ಶಾಸ್ತ್ರದಿಂದ 10ಕ್ಕಿಂತ ಹೆಚ್ಚು ಎಣಿಸುವುದಿಲ್ಲ. ಆದ್ದರಿಂದ ಸಮಾಜವಿಜ್ಞಾನದಲ್ಲಿ ಅರ್ಥಶಾಸ್ತ್ರ ಎರಡು ಬಂದರೆ ಮೂರನೆಯದು ಬೇರೆ ಶಾಸ್ತ್ರವೇ ಆಗಬೇಕು. ವ್ಯಾಯಾಮ, ಯೋಗದಂತಹ ತರಗತಿಗಳು ಐಚ್ಛಿಕದಲ್ಲಿ ಒಟ್ಟು 3 ಕ್ರೆಡಿಟ್‌ಗಳವರೆಗೆ. ವೃತ್ತಿ ತರಬೇತಿಯ ವಿಷಯಗಳನ್ನು ಸೀಮಿತ ಐಚ್ಛಿಕ ಎಂದು ಕರೆದು 15 ಕ್ರೆಡಿಟ್‌ಗಳವರೆಗೆ ಒಪ್ಪುತ್ತಾರೆ. ಕ್ಯಾಟಲಾಗ್ ಪ್ರತಿವರ್ಷ ಬದಲಾಗಬಹುದು. ನೀವು ಸೇರಿದ ವರ್ಷದ ಪ್ರತಿಯನ್ನು ಇಳಿಸಿಕೊಂಡು ಜೋಪಾನವಾಗಿಡಿ.

ವಿಷಯದ ಸಂಖ್ಯೆಯನ್ನೂ ಓದಲು ಕಲಿಯಬೇಕು. 100ಕ್ಕಿಂತ ಕೆಳಗಿನ ಸಂಖ್ಯೆ ಇದ್ದರೆ ಅದು ಕಾಲೇಜು ಮಟ್ಟದ್ದಲ್ಲ, ವರ್ಗಾವಣೆಯಾಗುವುದಿಲ್ಲ. ವಿಷಯದ ಹೆಸರಿಗೂ ಸಂಖ್ಯೆಗೂ ನಡುವೆ & ಎಂಬ ಚಿಹ್ನೆ ಇದ್ದರೆ ಅದು ರಾಜ್ಯದ ಸಮುದಾಯ ಮತ್ತು ತಾಂತ್ರಿಕ ಕಾಲೇಜುಗಳಿಗೆಲ್ಲ ಸಾಮಾನ್ಯವಾದ ವಿಷಯ ಎಂದರ್ಥ. ಅಂತಹ ಕಾಲೇಜುಗಳು ಅಲ್ಲಿ 34 ಇವೆ. ಒಂದು ಕಡೆ ಅಕೌಂಟಿಂಗ್ 201 ಮುಗಿಸಿ, ಕಾಲೇಜು ಬದಲಿಸಿ ಇನ್ನೊಂದು ಕಡೆ 202ಕ್ಕೆ ಸೇರಿದರೂ ತೊಡಕಾಗುವುದಿಲ್ಲ. ಒಂದೇ ಹೊತ್ತಿನಲ್ಲಿ ಎರಡು ವಿಷಯ ಸಿಕ್ಕರೆ ಆ ಚಿಹ್ನೆ ಇರುವುದನ್ನೇ ಆರಿಸಿ ಎಂಬುದು ನನ್ನ ಸಲಹೆ.

ಚಿಹ್ನೆ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಸಮಾನತೆಯ ಪಟ್ಟಿ ನೋಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯ ಇದನ್ನು ತನ್ನ ಜಾಲತಾಣದಲ್ಲಿ ಕಾಲೇಜುವಾರು ಇಟ್ಟಿದೆ. ಎಡಗಡೆ ನಿಮ್ಮ ಕಾಲೇಜಿನ ವಿಷಯ, ಬಲಗಡೆ ಅದಕ್ಕೆ ಅವರು ಕೊಡುವ ಸಮಾನ ವಿಷಯ. ಬಲಗಡೆ ಪೂರ್ಣ ಸಂಖ್ಯೆ ಇದ್ದರೆ ಅದು ನೇರ ಸಮಾನ. ಒಂದು ಎಂದು ಬರೆದು ಮುಂದೆ ಎರಡು ಎಕ್ಸ್ ಅಕ್ಷರ ಇದ್ದರೆ, ಮೊದಲ ವರ್ಷದ ಮಟ್ಟದ ಕ್ರೆಡಿಟ್ ಕೊಡುತ್ತೇವೆ, ಆದರೆ ನಮ್ಮ ಯಾವ ನಿರ್ದಿಷ್ಟ ವಿಷಯಕ್ಕೂ ಇದು ಸಮನಲ್ಲ ಎಂದರ್ಥ. ಐಚ್ಛಿಕದ ಜಾಗ ತುಂಬಲು ಅದು ಸಾಕು. ಪೂರ್ವಾಪೇಕ್ಷಿತದ ಜಾಗಕ್ಕೆ ಸಾಲದು. ಈ ಒಂದು ವ್ಯತ್ಯಾಸ ತಿಳಿಯದೆ ಎಷ್ಟೋ ಮಕ್ಕಳು "ಕ್ರೆಡಿಟ್ ಬಂದಿದೆಯಲ್ಲ" ಎಂದು ನೆಮ್ಮದಿಯಾಗಿದ್ದು, ಕೊನೆಗೆ ವಿಭಾಗದ ಬಾಗಿಲಲ್ಲಿ ನಿಂತುಬಿಡುತ್ತಾರೆ. ನನಗೆ ಅದು ಬಹಳ ನೋವಿನ ಸಂಗತಿ, ಏಕೆಂದರೆ ಹತ್ತು ನಿಮಿಷ ಆ ಪಟ್ಟಿ ನೋಡಿದ್ದರೆ ತಪ್ಪುತ್ತಿತ್ತು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಇನ್ನೆರಡು ಕಟ್ಟುಪಾಡುಗಳಿವೆ. ಶರತ್ಕಾಲ, ಚಳಿಗಾಲ, ವಸಂತದಲ್ಲಿ ಕ್ವಾರ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ವಿಷಯವೊಂದನ್ನು ಕೈಬಿಟ್ಟು ಅದಕ್ಕಿಂತ ಕೆಳಗಿಳಿಯುವುದಾದರೆ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯಿಂದ ಒಪ್ಪಿಗೆ ಪಡೆಯಬೇಕು. ಬಿಟ್ಟ ಮೇಲೆ ಹೇಳಿದರೆ ವೀಸಾಕ್ಕೇ ಸಂಚಕಾರ. ಎರಡನೆಯದು, ಪೂರ್ಣ ಆನ್‌ಲೈನ್ ವಿಷಯಗಳಲ್ಲಿ ಈ ಲೆಕ್ಕಕ್ಕೆ ಸೇರುವುದು ಒಂದೇ ವಿಷಯ ಅಥವಾ 3 ಕ್ರೆಡಿಟ್. ಐಚ್ಛಿಕ ವಿಷಯಗಳಲ್ಲಿ ಆನ್‌ಲೈನ್ ತರಗತಿಗಳು ಬಹಳ. ಸುಲಭ ಎಂದು ಎರಡನ್ನು ಹಿಡಿದರೆ ಕಾಗದದ ಮೇಲೆ 15 ಇದ್ದರೂ ವೀಸಾದ ಲೆಕ್ಕದಲ್ಲಿ ಕಡಿಮೆ ಬೀಳುತ್ತೀರಿ.

ಡಿಟಿಎ ಪಡೆಯಲು ಒಟ್ಟು ಜಿಪಿಎ, ಅಂದರೆ ಎಲ್ಲ ವಿಷಯಗಳ ದರ್ಜೆಯ ಸರಾಸರಿ, 2.0 ಸಾಕು. ಸ್ಪರ್ಧೆ ಇರುವ ವಿಭಾಗಗಳಿಗೆ ಅದು ಏನೇನೂ ಸಾಲದು. ಪೂರ್ವಾಪೇಕ್ಷಿತ ವಿಷಯಗಳನ್ನು ಕೇವಲ ಉತ್ತೀರ್ಣ ಎಂಬ ದರ್ಜೆಗೆ ತೆಗೆದುಕೊಳ್ಳಬೇಡಿ, ಅಂಕದ ದರ್ಜೆಯೇ ಬೇಕು. ಎರಡು ಕಠಿಣ ವಿಷಯಗಳ ಜೊತೆಗೆ ಮನಸ್ಸು ಹಗುರಾಗುವ ಒಂದನ್ನು ಜೋಡಿಸುವುದು ಒಳ್ಳೆಯದು. ಅಕೌಂಟಿಂಗ್ 202ರ ಜೊತೆ ಭೂವಿಜ್ಞಾನ ಬರೆಸಿದ್ದು ಆ ಕಾರಣಕ್ಕೆ. ನಾನು ಅದನ್ನು ಪ್ರಯೋಗಾಲಯದ ನಿಯಮ ತುಂಬಲೆಂದಷ್ಟೇ ತೆಗೆದುಕೊಂಡಿದ್ದೆ. ಗ್ರಾನೈಟ್ ಚೂರನ್ನು ಮಸೂರದಡಿ ನೋಡುತ್ತಿದ್ದಾಗ ಮಧುಗಿರಿಯ ಬೆಟ್ಟ ನೆನಪಾಯಿತು. ನಮ್ಮ ಜಿಲ್ಲೆಯ ಮೂಲಕ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ಎಂಬುದನ್ನು ಓದಿದ್ದು ಸಿಯಾಟಲ್‌ನ ಹತ್ತಿರ, ರೈನಿಯರ್ ಜ್ವಾಲಾಮುಖಿ ಪರ್ವತ ಕಾಣುವ ಊರಿನಲ್ಲಿ ಕುಳಿತು. ಕ್ಲೋಸ್‌ಪೇಟೆ ನಮ್ಮ ರಾಮನಗರದ ಹಳೆಯ ಹೆಸರು. ಆ ಬಂಡೆಗಳ ಕೆಳಗೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದ ನನಗೆ ಆ ದಿನ ಆದ ಸಂತೋಷವನ್ನು ಯಾವ ಅಕೌಂಟಿಂಗ್ ತರಗತಿಯೂ ಕೊಡಲಿಲ್ಲ. ಕಡ್ಡಾಯದ ವಿಭಾಗಗಳೊಳಗೂ ಆಯ್ಕೆ ಇದೆ. ಅಲ್ಲಿ ಮನಸ್ಸಿನ ಮಾತು ಕೇಳಿ.

ಹಾಳೆ ಸಿದ್ಧವಾದ ಮೇಲೆ ಕಾಲೇಜಿನ ಸಲಹೆಗಾರರಿಗೆ ಇಮೇಲ್‌ನಲ್ಲಿ ಕಳುಹಿಸಿ. "ಏನು ಓದಲಿ?" ಎಂದು ಕೇಳಬೇಡಿ. ಈ ಹದಿನೆಂಟು ವಿಷಯಗಳಿಂದ ಡಿಟಿಎ ಪೂರ್ಣವಾಗುತ್ತದೆಯೇ, ಇವುಗಳಲ್ಲಿ ಯಾವುದನ್ನು ಯಾವ ಕ್ವಾರ್ಟರ್‌ನಲ್ಲಿ ಕಲಿಸುವುದಿಲ್ಲ, ಪ್ರತಿ ವಿಷಯವೂ ಯಾವ ಖಾತೆಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಬರಹದಲ್ಲಿರಲಿ. ವಿಶ್ವವಿದ್ಯಾಲಯದ ವಿಭಾಗದಲ್ಲಿಯೂ ವರ್ಗಾವಣೆ ವಿದ್ಯಾರ್ಥಿಗಳಿಗೆ ಸಲಹೆಗಾರರಿರುತ್ತಾರೆ. ಅವರಿಗೂ ಅದೇ ಹಾಳೆ ಕಳುಹಿಸಿ. ಓದಿದ ಪ್ರತಿ ವಿಷಯದ ಪಠ್ಯಕ್ರಮವನ್ನು ಇಳಿಸಿ ಇಟ್ಟುಕೊಳ್ಳಿ. ರಾಜ್ಯದ ಹೊರಗೆ ಅರ್ಜಿ ಹಾಕುವಾಗ ಸಮಾನತೆ ತೋರಿಸಲು ಕೇಳುತ್ತಾರೆ. ಎರಡು ವರ್ಷದ ಪದವಿಯೊಂದನ್ನೇ ಹಿಡಿದು ಊರಿಗೆ ಮರಳಿದರೆ ಅದು ಇಲ್ಲಿನ ಬಿ.ಕಾಂ.ಗೆ ಸಮನಾಗುವುದಿಲ್ಲ ಎಂಬುದನ್ನು ತಂದೆ ತಾಯಿಯರೂ ತಿಳಿದಿರಲಿ. ನಾಲ್ಕು ವರ್ಷದ ಹಣದ ಲೆಕ್ಕ ಹಾಕಿಯೇ ಹೊರಡಬೇಕು.

ನೋಂದಣಿ ಊರಿನಲ್ಲಿದ್ದಾಗಲೇ ತೆರೆದರೆ ಗಡಿಯಾರದ ಕಡೆ ಗಮನವಿಡಿ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆಯುವ ನೋಂದಣಿ ಆಗಸ್ಟ್‌ನಲ್ಲಿ ತುಮಕೂರಿಗೆ ರಾತ್ರಿ ಎಂಟೂವರೆ. ಅಕೌಂಟಿಂಗ್, ಪ್ರಯೋಗಾಲಯದ ವಿಷಯಗಳ ಸೀಟು ಬೇಗ ತುಂಬುತ್ತವೆ.

ಮೊನ್ನೆ ಗುಬ್ಬಿಯಿಂದ ಫೋನ್ ಬಂತು. ಮೂರು ವಾರ ಗಣಿತ ಅಭ್ಯಾಸ ಮಾಡಿ ಪರೀಕ್ಷೆ ಬರೆದಿದ್ದಾಳೆ, ನೇರ ಕ್ಯಾಲ್ಕುಲಸ್‌ಗೆ ಅರ್ಹತೆ ಸಿಕ್ಕಿದೆ. ಮ್ಯಾಥ್ 141 ಅಳಿಸಿ, ಮೊದಲ ಶರತ್ಕಾಲಕ್ಕೇ ಕ್ಯಾಲ್ಕುಲಸ್ ಏರಿಸಿ, ಚಳಿಗಾಲದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಳು. ಅಲ್ಲಿ ನಟನೆಯ ತರಗತಿ ಸೇರಬಹುದೇ ಎಂದು ಕೇಳಿದಳು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರಿನ ಹುಡುಗಿ, ನನಗೆ ಆಶ್ಚರ್ಯವಾಗಲಿಲ್ಲ. ಮಾನವಿಕದ ಖಾತೆಯಲ್ಲಿ ಕೈಕೆಲಸದ ಬೇರೆ ವಿಷಯ ಇದೆಯೇ, ಸಮಾನತೆಯ ಪಟ್ಟಿಯಲ್ಲಿ ನಟನೆಯ ಎದುರಿಗೆ ಏನಿದೆ, ತರಗತಿ ಆನ್‌ಲೈನ್ ಅಲ್ಲವಷ್ಟೇ ಎಂದು ವಿಚಾರಿಸಿದೆ. ಮೂರಕ್ಕೂ ಉತ್ತರ ಅವಳ ಬಳಿ ಮೊದಲೇ ಸಿದ್ಧವಿತ್ತು. "ಪೆನ್ನಿನಲ್ಲಿಯೇ ಬರೆದುಕೋ" ಎಂದೆ.